ಆಂಟಿ ನಕ್ಕ ಪುಟ

ಹೋದ ಶನಿವಾರ ಐಸೆಲಿನ್‌ನ ಇಂಡಿಯನ್ ಅಂಗಡಿಗೆ ದಿನಸಿ ತರಲು ಹೋಗಿದ್ದೆ. ಅಂಗಡಿಯ ಬಾಗಿಲಲ್ಲೇ ಉಪ್ಪು ಹಾಕಿ ಬೇಯಿಸಿದ ಹಸಿ ಕಡಲೆಕಾಯಿಯ ವಾಸನೆ ಬಂತು. ಧಾರವಾಡದ ಆಂಟಿ ನೆನಪಾದರು. ನಮ್ಮ ಓದುವ ಕೂಟಕ್ಕೆ ಅವರು ತರುತ್ತಿದ್ದದ್ದು ಅದನ್ನೇ. “ಈ ದೇಶದಾಗೂ ದಕ್ಷಿಣದ ಕಡೆ ರಸ್ತಾದ ಬಾಜೂಕ ಶೇಂಗಾ ಕುದಿಸಿ ಮಾರ್ತಾರ ನೋಡ್ರಿ” ಎನ್ನುತ್ತಿದ್ದರು.

ಅವರು ಮೆಟುಚೆನ್‌ನಲ್ಲಿ ನಮ್ಮ ಬೀದಿಗೆ ಬಂದದ್ದು ಗಂಡ ತೀರಿಕೊಂಡ ಮೇಲೆ. ಅದಕ್ಕೂ ಮೊದಲು ಬಹಳ ವರ್ಷ ಈ ದೇಶದ ದಕ್ಷಿಣದ ರಾಜ್ಯವೊಂದರ ಸಣ್ಣ ಊರಿನಲ್ಲಿದ್ದರು. ಗಂಡ ಆ ಊರಿಗೆಲ್ಲ ಒಬ್ಬರೇ ಡಾಕ್ಟರು. ಮಗ ಕ್ಯಾಲಿಫೋರ್ನಿಯಾದಲ್ಲಿ. ಅವನ ಮಾತು ಬಂದರೆ ಆಂಟಿ ಎದ್ದು ಚಹಾ ಮಾಡಲು ಹೋಗುತ್ತಿದ್ದರು...

ಒಮ್ಮೆ ಕೂಟದಲ್ಲಿ ಓದಲು ಆರಿಸಿದ್ದು ಅಂಥದೇ ಒಂದು ಊರಿನ ಇಂಗ್ಲಿಷ್ ಕಾದಂಬರಿ. ಮುದುಕಿಯೊಬ್ಬಳು ಸಾಯುತ್ತಾಳೆ. ಅವಳನ್ನು ಯಾವ ಚರ್ಚಿನವರು ಹೂಳಬೇಕೆಂದು ಊರು ಎರಡು ಪಾಲಾಗಿ ಜಗಳಕ್ಕೆ ನಿಲ್ಲುತ್ತದೆ. ಹೆಣ ಹಜಾರದಲ್ಲೇ ಇದೆ, ಅಡುಗೆಮನೆಗೆ ಊಟದ ಮೇಲೆ ಊಟ ಬರುತ್ತಿದೆ. ನಮಗ್ಯಾರಿಗೂ ಹಿಡಿಸಲಿಲ್ಲ. ನಿವೃತ್ತ ಇಂಜಿನಿಯರ್ ಅಂಕಲ್ ಒಬ್ಬರು, “ತುಂಬಾ ಎಗ್ಸಾಜರೇಟ್ ಮಾಡಿದಾರೆ. ಸಾವಿನ ಮನೇಲಿ ಯಾರಾದ್ರೂ ಹೀಗೆ ಆಡ್ತಾರಾ?” ಎಂದರು. ಅವರ ಮೊಮ್ಮಗಳು ಫೋನಿನಿಂದ ತಲೆಯೆತ್ತಿ, “ಇಟ್ಸ್ ಕೈಂಡ್ ಆಫ್ ಮೀನ್, ಸತ್ತವರನ್ನ ಹೀಗೆ ಗೇಲಿ ಮಾಡೋದು” ಎಂದಳು.

ಮೂಲೆಯ ಸೋಫಾದಲ್ಲಿ ಆಂಟಿ ನಗುತ್ತಿದ್ದರು. ಪುಸ್ತಕ ಆ ಜಗಳದ ಪುಟದಲ್ಲೇ ಮಡಿಲಲ್ಲಿ ತೆರೆದಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡರು.

“ಇದ್ರಾಗ ಸುಳ್ಳು ಏನದ ರೀ? ನಮ್ಮನಿಯವರು ಹೋದಾಗ ಹಿಂಗ ಆಗಿತ್ತು.”

ಗಂಡ ಆ ಊರಿನ ಎರಡೂ ಚರ್ಚಿನವರಿಗೆ ಮದ್ದು ಕೊಟ್ಟವರು. ಹಿಂದೂ ಎಂದು ಗೊತ್ತಿದ್ದೂ, ‘ನಮ್ಮ ಡಾಕ್ಟರ್’ಗೆ ನಾವೇ ಪ್ರಾರ್ಥನೆ ಮಾಡಬೇಕೆಂದು ಇಬ್ಬರೂ ಪಟ್ಟು ಹಿಡಿದರಂತೆ. ಶವಕ್ಕೆ ಅಲಂಕಾರ ಮಾಡುವವನು ಅವರದೇ ಪೇಶಂಟ್. ಪ್ರೀತಿ ಹೆಚ್ಚಾಗಿ ಕೆನ್ನೆಗೆ ಗುಲಾಬಿ ಬಣ್ಣ ಬಳಿದುಬಿಟ್ಟಿದ್ದ. ಸಸ್ಯಾಹಾರಿಗಳ ಮನೆಯ ಫ್ರಿಜ್ ತುಂಬ ಅಕ್ಕಪಕ್ಕದವರು ತಂದಿಟ್ಟ ಹಂದಿಮಾಂಸ. ಕೊನೆಗೆ ಎರಡೂ ಚರ್ಚಿನ ಹಾಡುವವರು ಶವಪೆಟ್ಟಿಗೆಯ ಆಚೆಗೊಂದು ಈಚೆಗೊಂದು ಸಾಲು ನಿಂತು, ಒಬ್ಬರಿಗಿಂತ ಒಬ್ಬರು ಜೋರಾಗಿ ಹಾಡತೊಡಗಿದರು.

“ಆ ಬಣ್ಣ, ಆ ಹಾಡು... ನನಗ ನಗು ಬಂತು. ತಡಕೊಳ್ಳಲಿಕ್ಕೆ ಆಗ್ಲಿಲ್ಲ. ಅಳಾಕತ್ತಾಳ ಅಂತ ತಿಳಕೊಂಡು ಎಲ್ಲಾರೂ ಬಂದು ಅಪ್ಪಿಕೊಂಡ್ರು.”

ಅಂಕಲ್ ಚಹಾದ ಲೋಟದೊಳಗೆ ನೋಡುತ್ತ ಕುಳಿತರು.

ಮನೆಗೆ ನಡೆದು ಬರುವಾಗ ಉಳಿದದ್ದನ್ನು ನನಗೊಬ್ಬಳಿಗೇ ಹೇಳಿದರು. ಅಂದು ಮಗ ಪಕ್ಕದಲ್ಲೇ ನಿಂತಿದ್ದನಂತೆ. ಅದು ಅಳುವಲ್ಲ ಎಂದು ತಿಳಿದದ್ದು ಅವನಿಗೊಬ್ಬನಿಗೇ. ಅಂದಿನಿಂದ ಫೋನು ಮಾಡುತ್ತಾನೆ, ಆರೋಗ್ಯ ಕೇಳುತ್ತಾನೆ, ಇಡುತ್ತಾನೆ. “ಈ ಪುಸ್ತಕ ಅವಗ ಕಳಸ್ತೀನಿ. ಹಿಂಗೂ ಆಗ್ತದ ಅಂತ ಅವಗ ತಿಳೀಬೇಕು” ಎಂದರು.

ಕಳಿಸಿದರು. ಆಮೇಲೆ ನಾನು ಕಂಡಾಗಲೆಲ್ಲ, “ಓದಿದ್ನಾ ಆಂಟಿ?” ಎಂದು ಕೇಳುತ್ತಿದ್ದೆ. “ಕೆಲಸದಾಗ ಬಿಡುವಿಲ್ಲ ಅವಗ” ಎನ್ನುತ್ತಿದ್ದರು. ನಾನೇ ಅವನಿಗೆ ಫೋನು ಮಾಡಲೇ ಎಂದಾಗ ಕೈ ಹಿಡಿದು, “ಬ್ಯಾಡವ್ವಾ” ಎಂದರು. ಆ ಚಳಿಗಾಲದಲ್ಲಿ, ಡ್ರೈವ್‌ವೇಯಲ್ಲಿ ಸ್ನೋ ಇನ್ನೂ ಕರಗದಿರುವಾಗಲೇ, ಎದೆನೋವೆಂದು ಆಸ್ಪತ್ರೆಗೆ ಹೋದವರು ಮರಳಲಿಲ್ಲ.

ಮನೆ ಖಾಲಿ ಮಾಡಲು ಮಗ ಬಂದಿದ್ದ. ತಲೆಯಲ್ಲಿ ಅಲ್ಲಲ್ಲಿ ಬಿಳಿಕೂದಲು, ತಾಯಿಯದೇ ಹುಬ್ಬು. ಬ್ಯಾಗಿನಿಂದ ಆ ಕಾದಂಬರಿ ತೆಗೆದು ಮುಂದಿಟ್ಟ.

“ಫ್ಲೈಟ್‌ನಲ್ಲಿ ಓದಿದೆ. ಮುಂಚೆ ಓದೋಕಾಗಲಿಲ್ಲ. ಓದಿ ನಕ್ಕೆ ಅಂತ ಅಮ್ಮ ಜೊತೆಗೆ ಚೀಟಿ ಇಟ್ಟಿದ್ರು. ನಕ್ಕಿದ್ದು ಯಾವ ಪುಟಕ್ಕೆ?”

ತೋರಿಸಿದೆ. ಅಲ್ಲೇ ನಿಂತು ಓದಿದ. ಮತ್ತೊಮ್ಮೆ ಮೊದಲಿನಿಂದ ಓದಿದ. ಮುಖದಲ್ಲಿ ಏನೂ ಬದಲಾಗಲಿಲ್ಲ.

“ಐ ಡೋಂಟ್ ಗೆಟ್ ಇಟ್. ಇದರಲ್ಲಿ ಫನ್ನಿ ಏನಿದೆ? ಪ್ಲೀಸ್, ಹೇಳಿ.”

ಕೋಪವಿರಲಿಲ್ಲ. ಲೆಕ್ಕ ಬಿಡಿಸಲಾಗದ ಮಗು ಕೇಳಿದ ಹಾಗಿತ್ತು. ಬಾಯಿ ತೆರೆದೆ. ಗುಲಾಬಿ ಬಣ್ಣದ ವಿಷಯ ಎತ್ತಿದೆ, ಎರಡು ಸಾಲು ನಿಂತು ಹಾಡಿದವರ ವಿಷಯ ಎತ್ತಿದೆ. ನನ್ನ ಬಾಯಲ್ಲಿ ಅದೆಲ್ಲ ಬರೀ ಒಂದು ಸಾವಿನ ವರದಿಯಾಯಿತು. “ಅವರು ನಿಮ್ಮ ತಂದೇನ ನೋಡಿ ನಗಲಿಲ್ಲಪ್ಪ” ಎಂದೆ. “ಐ ನೋ. ಅದು ಗೊತ್ತು ನನಗೆ. ಆದರೂ...” ಎಂದು ಪುಸ್ತಕ ಮುಚ್ಚಿ ಕಿಟಕಿಯತ್ತ ತಿರುಗಿದ. ಭುಜ ಅಲುಗುತ್ತಿತ್ತು. ಹತ್ತಿರ ಹೋಗಿ ಹಿಡಿದುಕೊಳ್ಳಲೇ, ಬೇಡವೇ ಎಂದು ತೋಚದೆ ಅಲ್ಲೇ ನಿಂತಿದ್ದೆ.

ಕೂಟ ಈಗಲೂ ಸೇರುತ್ತದೆ. ಆ ಪುಸ್ತಕದ ಮಾತು ಯಾರೂ ಎತ್ತುವುದಿಲ್ಲ. ನಾನು ಮಾತ್ರ ಆಗಾಗ ಆ ಪುಟ ತೆರೆಯುತ್ತೇನೆ. ಒಮ್ಮೆಯೂ ನಗು ಬಂದಿಲ್ಲ. ಅಲ್ಲಿ ನಗುವುದೇನಿದೆ ಎಂದು ಆ ಮಗನಿಗೆ ಹೇಳಬಲ್ಲವರು ಒಬ್ಬರೇ ಇದ್ದರು. ಅವನು ಕೇಳುವ ಹೊತ್ತಿಗೆ ಅವರಿರಲಿಲ್ಲ.