ಹಾವಿಗೆ ಬಂದ ಜ್ವರ

ಕಳೆದ ತಿಂಗಳು ಒಂದು ಕೇರೆ ಹಾವಿಗೆ ಜ್ವರ ಬಂದಿತ್ತು. ನೂರಾ ಎರಡು ಡಿಗ್ರಿ! ನಗಬೇಡಿ, ಹೇಳಿದವರು ಹೈಸ್ಕೂಲಿನ ಸೈನ್ಸ್ ಮಾಸ್ತರರು. (ಊರಿನ ಹೆಸರು ಕೇಳಬೇಡಿ. ಹಾನಗಲ್ಲಿನಿಂದ ಸವಣೂರಿನ ತನಕ ನಿಮಗೆ ಬೇಕಾದ ಊರು ಇಟ್ಟುಕೊಳ್ಳಿ.)

ಹಾವು ಶಾಲೆಯ ಜವಾನ ಹುಸೇನಸಾಬರದು. ಹುಲಗೂರಿನ ಹೊಲದಲ್ಲಿ ಮರಿಯಾಗಿ ಸಿಕ್ಕಿದ್ದನ್ನು ಇಲಿ, ಕಪ್ಪೆ ಹಾಕಿ ಎರಡು ವರ್ಷ ಸಾಕಿದ್ದಾರೆ. ಶಾಲೆ ತಪಾಸಣೆಗೆ ಇನ್‌ಸ್ಪೆಕ್ಟರ್ ಬರುತ್ತಾರೆಂದು ಮಾಸ್ತರರು ಅದನ್ನು ತರಿಸಿ, ಗಾಜಿನ ಪೆಟ್ಟಿಗೆಯಲ್ಲಿ ಹಾಕಿ, ಪ್ರಯೋಗಶಾಲೆಯ ಕತ್ತಲೆ ಮೂಲೆಗೆ ಸರಿಸಿದರು. ಎರಡನೇ ವಾರಕ್ಕೆ ಹಾವು ಇಲಿ ಮುಟ್ಟಲಿಲ್ಲ. ಮುದುಡಿ ಬಿತ್ತು.

ಆಗ ಮಾಸ್ತರರಿಗೆ ವಿಜ್ಞಾನ ನೆನಪಾಯಿತು. ದವಾಖಾನೆಯ ಕಂಪೌಂಡರನಿಂದ ಜ್ವರ ನೋಡುವ ಥರ್ಮಾಮೀಟರ್ ತಂದು ಪೆಟ್ಟಿಗೆಯೊಳಗಿಟ್ಟರು. ನೂರಾ ಎರಡು! ತಕ್ಷಣ ಪೆಟ್ಟಿಗೆಯ ಮೇಲೆ ಹಸಿ ಗೋಣಿಚೀಲ. ಅದೂ ಸಂಕ್ರಾಂತಿಯ ಚಳಿಯಲ್ಲಿ.

ಹುಸೇನಸಾಬರು ನಮ್ಮ ಮನೆತನಕ ಬಂದರು. "ಚರ್ಚಾ ಸ್ಪರ್ಧಾದಾಗ ಕಪ್ ಗೆದ್ದಾಂವ ನೀನ ಅಲ್ಲೇನೊ ತಮ್ಮಾ? ಬಾ, ಆ ಬಾಯಿಲೆ ಒಂದು ಜೀವಾನರ ಉಳಸು. ಅದು ಸಾಯಾಕತ್ತೈತಿ."

ಹೋದೆ.

"ಕೈ ಹಚ್ಚಿ ನೋಡ್ರಿ ಮಾಸ್ತರ, ಥಣ್ಣಗ ಕೊರಡ ಆಗೇತಿ" ಎಂದರು ಹುಸೇನಸಾಬರು.

"ನಿನ್ನ ಕೈ ಖರೇನೊ, ಯಂತ್ರ ಖರೇನೊ?" ಎಂದರು ಮಾಸ್ತರರು.

ನಾನು ವಾದಕ್ಕಿಳಿಯಲಿಲ್ಲ. (ನಂಬಿ.) ಥರ್ಮಾಮೀಟರನ್ನು ಕೊಡದ ತಣ್ಣೀರಿನಲ್ಲಿ ಅದ್ದಿ ತೆಗೆದೆ. ನೂರಾ ಎರಡು!

"ಕೊಡಕ್ಕೂ ಕಷಾಯ ಕುಡಸೂಣೇನ್ರಿ?" ಎಂದರು ಹುಸೇನಸಾಬರು.

ಜ್ವರದ ಥರ್ಮಾಮೀಟರಿನಲ್ಲಿ ಪಾದರಸ ಒಮ್ಮೆ ಏರಿದರೆ ಜಾಡಿಸುವ ತನಕ ಇಳಿಯುವುದಿಲ್ಲ. ಅದು ತೋರಿಸುತ್ತಿದ್ದದ್ದು ಯಾವನೋ ರೋಗಿಯ ಬಾಯಿಯ ಬಿಸಿ! ಕಂಪೌಂಡರನಿಗೆ ಗೊತ್ತಿರುವ ಇಷ್ಟು ಸಂಗತಿ ಬಿ.ಎಸ್‌ಸಿ. ಮಾಸ್ತರರಿಗೆ ಗೊತ್ತಿಲ್ಲ. ಪಂಚಮಿಗೆ ಹುತ್ತಕ್ಕೆ ಹಾಲೆರೆಯುವ ಹೆಂಗಸರನ್ನು ಮೂಢರೆಂದು ಬೈಯುವವರೂ ಇವರೇ. ಹುತ್ತಕ್ಕೆ ಕೈಮುಗಿದರೆ ಮೂಢನಂಬಿಕೆ, ಪಾದರಸಕ್ಕೆ ಮುಗಿದರೆ ಏನು?

ಶಾಲೆಯಲ್ಲಿ ಸರಿಯಾದ ಥರ್ಮಾಮೀಟರ್ ಇಲ್ಲವೆ? ಇದೆ! ಎರಡು ಮಾರು ದೂರದ ಕಪಾಟಿನಲ್ಲಿ, ಮುಂಬಯಿ ಸರಕಾರದ ಕಾಲದ್ದು, ಇನ್ನೂ ಹತ್ತಿಯಲ್ಲಿ ಮಲಗಿದೆ. "ಒಡದರ ಸಾಹೇಬರಿಗೆ ಏನ ತೋರಸ್ಲಿ?" ಎಂಬುದು ಮಾಸ್ತರರ ಚಿಂತೆ. ನಮ್ಮಲ್ಲಿ ಉಪಕರಣ ಇರುವುದು ಬಳಸಲಿಕ್ಕಲ್ಲ, ತೋರಿಸಲಿಕ್ಕೆ.

ಹಟ ಹಿಡಿದು ಕೀಲಿ ತೆಗೆಸಿದೆ. ಪೆಟ್ಟಿಗೆಯೊಳಗೆ ಅರವತ್ತೆರಡು.

ಹಾವಿನ ಮೈಗೆ ಸ್ವಂತ ಬಿಸಿಯಿಲ್ಲ. ಹೊರಗಿನ ಬಿಸಿಯಲ್ಲೇ ಅದು ಬದುಕಬೇಕು. ಮೈ ಕಾಯದಿದ್ದರೆ ತಿಂದದ್ದೂ ಅರಗುವುದಿಲ್ಲ. ಗೋಣಿ ಕಿತ್ತೆಸೆದು, ಮುಚ್ಚಳದ ಬದಲು ತಂತಿಯ ಜಾಳಿಗೆ ಹಾಕಿ, ಪೆಟ್ಟಿಗೆಯ ಅರ್ಧ ಬಿಸಿಲಿಗೆ, ಅರ್ಧ ನೆರಳಿಗೆ ಬರುವಂತೆ ಇಟ್ಟೆವು. ಎಲ್ಲಿ ಹಿತವೋ ಅಲ್ಲಿಗೆ ಹಾವೇ ಸರಿಯಲಿ. ಬಿಸಿಲ ಕಡೆ ಎಂಬತ್ತೈದು ದಾಟಿದರೆ ನೆರಳಿಗೆ ಎಳೆಯಲು ಹುಸೇನಸಾಬರು ಊಟ ಬಿಟ್ಟು ಕಾವಲು ಕೂತರು. ಮಧ್ಯಾಹ್ನ ಹಾವು ನಾಲಿಗೆ ಚಾಚಿತು. ನಾಲ್ಕನೇ ದಿನ ಇಲಿ ನುಂಗಿತು. "ಬದುಕಿದೆಲ್ಲೋ ನನ ಮಗನ!" ಎಂದು ಆ ಮನುಷ್ಯ ಕಣ್ಣೊರೆಸಿಕೊಂಡರು.

ಮಾಸ್ತರರು ತಪ್ಪು ಒಪ್ಪಿದರೇ? "ನೋಡಿದ್ಯಾ? ನೂರಾ ಎರಡು ಇದ್ದದ್ದು ಅರವತ್ತೆರಡಕ್ಕ ಇಳೀತು. ಹಸಿ ಗೋಣಿ ಅಂದ್ರ ಸುಮ್ನ ಅಲ್ಲಪಾ!"

ಅಷ್ಟಕ್ಕೇ ಬಿಡಲಿಲ್ಲ. ಕರಿಹಲಗೆಯ ಮೇಲೆ ಬರೆದರು: ‘ಹಾವಿನ ಜ್ವರಕ್ಕೆ ಹಸಿ ಗೋಣಿಚೀಲವೇ ಉಪಾಯ.’ ನಲವತ್ತು ವಿದ್ಯಾರ್ಥಿಗಳು ದುಂಡಗೆ ಬರೆದುಕೊಂಡರು. ಇನ್‌ಸ್ಪೆಕ್ಟರ್ ಸಾಹೇಬರು ಅಕ್ಷರ ಮೆಚ್ಚಿ ಸಹಿಯನ್ನೂ ಹಾಕಿದರು.

ಹಾವನ್ನೇನೋ ಬಿಸಿಲಿಗಿಟ್ಟು ಬದುಕಿಸಿದೆವು. ಆ ನಲವತ್ತು ನೋಟ್‌ಬುಕ್ಕುಗಳನ್ನು ಎಲ್ಲಿಡೋಣ?