ಸಿಲೋನ್ ಪಾಟಿಯ ಒಂದೇ ಒಂದು ಸುಳ್ಳು

ಪಾಟಿಯ ಹಣೆಯ ಮೇಲೆ, ಕೂದಲು ಶುರುವಾಗುವಲ್ಲಿ, ಒಂದು ಬೆರಳಗಲದ ಹಳ್ಳವಿತ್ತು. ಸಿಲೋನಿನ ತೋಟದಲ್ಲಿ ಟೀ ಎಲೆಯ ಬುಟ್ಟಿ ಬೆನ್ನಿಗೆ, ಅದರ ಹಗ್ಗ ತಲೆಗೆ. ಹೊತ್ತೂ ಹೊತ್ತೂ ಬಿದ್ದ ಹಳ್ಳ. ಅಲ್ಲಿಂದ ಸರ್ಕಾರ ಓಡಿಸಿದಾಗ ಕೋರಮಂಡಲ್ ಚಿನ್ನದ ಗಣಿಯ ಕೂಲಿಗಳ ಲೈನ್ ಮನೆಗೆ ಬಂದು, ಟೀ ಅಂಗಡಿ ಇಟ್ಟು, ಇಡೀ ಲೈನಿಗೆ ಪಾಟಿ, ಅಂದರೆ ಅಜ್ಜಿ, ಆಗಿಬಿಟ್ಟಳು.

"ಅಲ್ಲಿ ನಮ್ಮನ್ನ ಇಂಡಿಯಾದೋರು ಅಂದ್ರು, ಇಲ್ಲಿ ಸಿಲೋನ್‌ನೋರು ಅಂತೀರ. ಟೀ ಮಾತ್ರ ಎಲ್ರೂ ಕುಡೀತೀರ," ಎನ್ನುತ್ತಿದ್ದಳು.

ಈ ಸೀಮೆಯಲ್ಲಿ ಸುಳ್ಳಿಗೆ ನಾನೇ ದೊರೆ. ಬದುಕಿದ್ದ ಮೇಸ್ತ್ರಿಯ ತಿಥಿಗೆ ಊರನ್ನೇ ಊಟಕ್ಕೆ ಕರೆದವನು. ಮೇಸ್ತ್ರಿಯೇ ಬಂದು ಪಂಕ್ತಿಯಲ್ಲಿ ಕೂತಿದ್ದ. ಅಂಥ ನನ್ನನ್ನೂ ಪಾಟಿ ಒಮ್ಮೆ ಮೀರಿಸಿದಳು.

ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ಒಬ್ಬ ತಾಯಿ, ಒಂದು ಪುಟ್ಟ ಹೆಣ್ಣುಮಗು ಇಳಿದರು. ರೈಲು ಅದರಾಚೆ ಹೋಗುವುದಿಲ್ಲ, ಅದಕ್ಕೇ ಇಳಿದರು. ಪಾಟಿ ಕರೆತಂದು ತನ್ನ ಹಿಂದಿನ ಕೋಣೆ ಕೊಟ್ಟು, ತಾಯಿಯನ್ನು ತೋರಿಸಿ ಲೈನಿಗೆಲ್ಲ ಹೇಳಿದಳು: "ನನ್ನ ತಂಗಚ್ಚಿ ಮೊಮ್ಮಗಳು, ಸಿಲೋನ್‌ದು. ಗಲಾಟೇಲಿ ಎಲ್ಲಾ ಓಯ್ತು. ಬಾಯೂ ಓಯ್ತು, ಪಾಪ, ಮಾತು ಬರಲ್ಲ."

ಹೇಳುತ್ತಾ ಹಣೆಯ ಹಳ್ಳ ಉಜ್ಜಿಕೊಂಡಳು. ಸುಳ್ಳಿನ ಕಸುಬುದಾರ ನಾನು, ಕಂಡುಹಿಡಿದುಬಿಟ್ಟೆ.

"ಪಾಟಿ, ಯಾರಿವ್ರು?"

"ಬರ್ಮಾದಿಂದ ಓಡ್ಬಂದೋರು. ನಿಜ ಏಳಿದ್ರೆ ಇಲ್ಲಿ ಇರಕ್ಕೆ ಬಿಡ್ತಾರೇನೋ? ಬಾಯ್ ಮುಚ್ಕಂಡು ಟೀ ಕುಡಿ, ಪೋಕಿರಿ."

ಮುಚ್ಚಿಕೊಂಡೆ. ಸಾಲದ್ದಕ್ಕೆ, ಅವರು ಬಂದ ದೋಣಿ ನಡುನೀರಿನಲ್ಲಿ ಮಗುಚಿತ್ತೆಂದು ನನ್ನ ಕಡೆಯಿಂದ ಒಂದಿಷ್ಟು ಸೇರಿಸಿದೆ. ಲೈನೇ ಕರಗಿಹೋಯಿತು. ಅಕ್ಕಿ ಬಂತು, ಚಾಪೆ ಬಂತು. ಎದುರುಮನೆ ಅಕ್ಕ ತನ್ನ ಮೊಮ್ಮಗಳ ಹಳದಿ ಫ್ರಾಕ್ ತಂದು ಮಗುವಿಗೆ ತೊಡಿಸಿದಳು. ಅಕ್ಕ ಕರುಣಾಮಯಿ. ಬಂಗಾರಪೇಟೆ ಸ್ಟೇಷನ್ ಹತ್ತಿರ ಟಿಬೆಟ್‌ನವರು ಸ್ವೆಟರ್ ಮಾರುವಾಗ "ಪಾಪ, ದೇಶ ಕಳ್ಕಂಡೋರು" ಎಂದು ಚೌಕಾಸಿಯೇ ಮಾಡದೆ ಕೊಂಡವಳು.

ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಪಾಚಿಯ ಮೇಲೆ ಮಗು ಜಾರಿ ಬಿತ್ತು. ತಲೆ ಒಡೆಯಿತು. ತಾಯಿ ಕೂಗಿಕೊಂಡಳು, ತನ್ನ ಭಾಷೆಯಲ್ಲಿ.

ಯಾರೂ ರಕ್ತ ನೋಡಲಿಲ್ಲ. ಎಲ್ಲರೂ ಅವಳ ಬಾಯಿ ನೋಡಿದರು.

"ಮೂಗಿಗೆ ಮಾತು ಬಂತು! ಮಾರಮ್ಮನ ಮಹಿಮೆ ಕಣ್ರೇ, ಕಾಯಿ ಒಡೀರಿ!" ಎಂದೆ. ನನ್ನ ಜೀವಮಾನದಲ್ಲಿ ಯಾರೂ ನಗದ ತಮಾಷೆ ಅದೊಂದೇ.

"ಏನೇ ನಿನ್ನೆಸ್ರು?" ಎಂದು ಗದರಿಸಿದರು. ಅವಳು ಮಗುವನ್ನು ಅಪ್ಪಿಕೊಂಡು ಹೇಳಿದಳು. ಮುಸ್ಲಿಮರ ಹೆಸರು. ಅದನ್ನು ಕೇಳಿದ ಮೇಲೆ ಮತ್ತೇನನ್ನೂ ಕೇಳಬೇಕೆಂದು ಅವರಿಗೆ ಅನ್ನಿಸಲಿಲ್ಲ.

"ಬರ್ಮಾದೋರು," ಎಂದಳು ಪಾಟಿ. "ನನ್ನಂಗೇ ಓಡ್ಬಂದೋರು."

"ನೀನು ನಮ್ಮೋಳು ಪಾಟಿ, ಇವ್ರು ಯಾರೋ ಏನೋ. ಇವತ್ತೇ ಕಳಿಸ್ಬಿಡು," ಎಂದಳು ಅಕ್ಕ. ಮೈಮೇಲೆ ಅದೇ ಸ್ವೆಟರ್ ಇತ್ತು. ತಾಯಿಯ ಕಡೆ ತಿರುಗಿದಳು. "ಫ್ರಾಕ್ ಬಿಚ್ಚೇ. ಸಿಲೋನ್ ಮಗೂಂತ ಕೊಟ್ಟಿದ್ದು ನಾನು."

ತಾಯಿ ಬಿಚ್ಚಿದಳು. ರಕ್ತದ ಕಲೆ ಹೋಗುವ ತನಕ ನಲ್ಲಿಯಲ್ಲಿ ತೊಳೆದು, ಹಿಂಡಿ, ಅಕ್ಕನ ಮನೆ ಮುಂದಿನ ತಂತಿಯ ಮೇಲೆ ಹರವಿದಳು. ಪಾಟಿ ತನ್ನ ಸೀರೆ ಹರಿದು ಮಗುವಿನ ತಲೆಗೆ ಕಟ್ಟಿ, ಉಳಿದದ್ದನ್ನು ಮೈಗೆ ಸುತ್ತಿ, ಅವರನ್ನು ರೈಲಿಗೆ ಹತ್ತಿಸಿ ಬಂದಳು. ಎಲ್ಲಿಗೆ ಹೋದರೋ ಯಾರಿಗೂ ತಿಳಿಯದು.

ಆಮೇಲೆ ಪಾಟಿ ಟೀ ಕೊಡುತ್ತಿದ್ದಳು, ಮಾತಾಡುತ್ತಿರಲಿಲ್ಲ. ನಗಿಸಲು ನನ್ನ ಕಲೆಯನ್ನೆಲ್ಲ ಖರ್ಚು ಮಾಡಿದೆ. ಒಂದು ದಿನ ಮಾತ್ರ ಕೇಳಿದಳು: "ಅವತ್ತು ನಂಗ್ಯಾಕಪ್ಪಾ ಜಾಗ ಕೊಟ್ರಿ?"

ನಾನು ಖಾಲಿ ಲೋಟವನ್ನು ನಲ್ಲಿಯಲ್ಲಿ ತೊಳೆದು ತಂದಿಟ್ಟೆ.

ಹೋದ ಚಳಿಗಾಲದಲ್ಲಿ ಪಾಟಿ ತೀರಿಕೊಂಡಳು. ಲೈನಿಗೆ ಲೈನೇ ಬಂತು. ಎಲ್ಲರಿಗಿಂತ ಜೋರಾಗಿ ಅತ್ತವಳು ಎದುರುಮನೆ ಅಕ್ಕ. "ನಮ್ಮೋಳು ಓದ್ಳಲ್ಲಪ್ಪೋ," ಎನ್ನುತ್ತಾ ಹಣೆಯ ಹಳ್ಳದ ತುಂಬ ವಿಭೂತಿ ಒತ್ತಿದಳು. ಆ ಅಳು ನಿಜವಾದದ್ದೇ. ಸುಳ್ಳಾಗಿದ್ದರೆ ನನಗೆ ಗೊತ್ತಾಗುತ್ತಿತ್ತು.