ಇಳಿಜಾರಿನ ತಿಳಿನೀರು

ಖರಾಡಿಯ ಕಚೇರಿಯಲ್ಲಿ ನನ್ನ ಕೆಲಸ ಬಾವಿಗಳನ್ನು ನಕ್ಷೆಯಲ್ಲಿ ಗುರುತಿಸುವುದು. ಬಾವಿಯ ಸುತ್ತಲಿನ ಹೊಲಗಳಿಗೆ ಯೂರಿಯಾ ಕಡಿಮೆ ಹಾಕಬೇಕೆಂಬ ನಿಯಮ ಬಂದ ಮೇಲೆ ಗೊಬ್ಬರದಿಂದ ನೀರಿಗೆ ಸೇರುವ ನೈಟ್ರೇಟ್ ಇಳಿಯಿತೇ ಎಂದು ನೋಡುತ್ತಿದ್ದೆವು. ತಾಲ್ಲೂಕಿನ ಸರಾಸರಿ ಇಳಿದಿತ್ತು. ವರದಿ ಮುಗಿಸಿಬಿಡು ಎಂದರು ಮೇಲಿನವರು. ಆದರೆ ಒಂದೊಂದೇ ಬಾವಿಯನ್ನು ಅದರದೇ ಜಾಗದಲ್ಲಿಟ್ಟು ನೋಡಿದಾಗ, ಚಾಕಣದ ಆಚೆ ಒಂದು ಚುಕ್ಕೆ ತಿಂಗಳಿಂದ ತಿಂಗಳಿಗೆ ಕೆಂಪಾಗುತ್ತಲೇ ಇತ್ತು. ಅಳೆಯುವ ಯಂತ್ರದ ತಪ್ಪಿರಬೇಕೆಂದುಕೊಂಡು ಒಂದು ಬೆಳಿಗ್ಗೆ ನಾನೇ ಹೊರಟೆ.

ಈರುಳ್ಳಿ ಹೊಲದ ನಡುವೆ ಬಾವಿ. ನೀರು ಎಷ್ಟು ತಿಳಿಯೆಂದರೆ ತಳದ ಮೆಟ್ಟಿಲೂ ಕಾಣುತ್ತಿತ್ತು. ಕಪ್ಪೆಯಿಲ್ಲ, ಮೀನಿಲ್ಲ, ಹುಳುವಿನ ಸದ್ದೂ ಇಲ್ಲ. ಹೊಲದೊಡತಿ ವಿಜಯಪುರದ ಕಡೆಯಿಂದ ಮದುವೆಯಾಗಿ ಬಂದವರು. ನನ್ನ ಮರಾಠಿ ತಡವರಿಸಿದ್ದು ಕೇಳಿ ಕನ್ನಡಕ್ಕೆ ತಿರುಗಿದರು. ನಿಯಮದಂತೆ ಗೊಬ್ಬರ ಅರ್ಧಕ್ಕಿಳಿಸಿದ್ದೇವೆ ಎನ್ನುತ್ತ ತಂಬಿಗೆ ನೀರು ಕೊಟ್ಟರು. ಕುಡಿದೆ. ಸಿಹಿಯಾಗಿತ್ತು. ಉಳಿದ ನೀರಿಗೆ ಪರೀಕ್ಷೆಯ ಪಟ್ಟಿ ಅದ್ದಿದೆ. ನಿಮಿಷ ತುಂಬುವ ಮೊದಲೇ ಅದು ಕಡುಗುಲಾಬಿಯಾಯಿತು, ನೈಟ್ರೇಟ್ ಮಿತಿಮೀರಿದ ಗುರುತು. ಇನ್ನೊಂದು ಅದ್ದಿದೆ. ಅದೂ ಹಾಗೇ.

ಅಷ್ಟರಲ್ಲಿ ಹೊಲದ ಮನೆಯಿಂದ ಅವರ ಸೊಸೆ ಎರಡು ತಿಂಗಳ ಕೂಸನ್ನೆತ್ತಿಕೊಂಡು ಹೊರಗೆ ಬಂದಳು. ಬಿಸಿಲಿನಲ್ಲಿ ಅದರ ತುಟಿ, ಉಗುರು ನೇರಳೆಹಣ್ಣು ತಿಂದಂತೆ ಕಂಡವು. ಅದು ಅಳುತ್ತಿರಲಿಲ್ಲ.

"ದೃಷ್ಟಿ ಆಗೇದರಿ," ಎಂದರು ಅತ್ತೆ. "ನೀರು ಭಾಳ ಹೊತ್ತು ಕುದಿಸೇ ಹಾಲಿನ ಪುಡಿ ಕಲಸ್ತೀವಿ. ಆದ್ರೂ ದಿನಾ ನೀಲಿ ಏರ್ತದ."

ಕೈಲಿದ್ದ ಗುಲಾಬಿ ಪಟ್ಟಿಯನ್ನು ಮತ್ತೆ ನೋಡಿದೆ. ಕುದಿಸಿದಷ್ಟೂ ನೀರು ಬತ್ತಿ, ನೈಟ್ರೇಟ್ ಗಟ್ಟಿಯಾಗುತ್ತ ಹೋಗುತ್ತದೆ; ಅದು ಸೇರಿದ ಎಳೆಗೂಸಿನ ರಕ್ತ ಆಮ್ಲಜನಕ ಹೊರಲಾರದೆ ಮೈ ನೀಲಿಗಟ್ಟುತ್ತದೆ.

"ದೃಷ್ಟಿ ಅಲ್ಲಮ್ಮ, ಈ ನೀರು," ಎಂದೆ. "ಕಾರ್ ಇದೆ, ಈಗಲೇ ಆಸ್ಪತ್ರೆಗೆ ಹೋಗೋಣ."

ದಾರಿಯುದ್ದಕ್ಕೂ ತಾಯಿ ಕೂಸಿನ ಕಿವಿಯಲ್ಲಿ ಏನೋ ಹೇಳುತ್ತಲೇ ಇದ್ದಳು. ಆಸ್ಪತ್ರೆಯಲ್ಲಿ ತೆಗೆದ ರಕ್ತ ಕಾಫಿಯ ಕಷಾಯದ ಬಣ್ಣಕ್ಕಿತ್ತು. ಔಷಧಿ ಹತ್ತಿ, ಸಂಜೆಯ ಹೊತ್ತಿಗೆ ತುಟಿಗೆ ಕೆಂಪು ಬಂತು. ಆಗ ಕೂಸು ಜೋರಾಗಿ ಅತ್ತಿತು. ಅತ್ತೆ ಗೋಡೆಗೊರಗಿ ಕುಳಿತುಬಿಟ್ಟರು.

ಮರುದಿನ ನಕ್ಷೆಗೆ ನೆಲದ ಏರುತಗ್ಗು ಸೇರಿಸಿದೆ. ನಿಯಮ ಬಾವಿಯ ಸುತ್ತ ಒಂದು ವೃತ್ತ ಎಳೆದಿತ್ತು; ನೀರು ಬರುತ್ತಿದ್ದುದು ವೃತ್ತದಾಚೆಯ ದಿಬ್ಬದ ಹೊಲಗಳಿಂದ. ಕೂಸಿನ ಕತೆ ಕೇಳಿದ ಮೇಲೆ ಮೇಲಿನವರು ವಾದಿಸಲಿಲ್ಲ. ವರದಿ ಬದಲಾಯಿತು, ವರ್ಷದೊಳಗೆ ದಿಬ್ಬದ ಹೊಲಗಳೂ ನಿಯಮದೊಳಗೆ ಬಂದವು. ಆ ಮನೆಯವರು ಈಗ ಟ್ಯಾಂಕರ್ ನೀರು ಕುಡಿಯುತ್ತಾರೆ.

ಮೊನ್ನೆ ಬಾವಿನೀರಿನ ಮಾದರಿ ತರಲು ಮತ್ತೆ ಹೋಗಿ ದಿಬ್ಬದ ಮೇಲೆ ಸ್ವಲ್ಪ ಹೊತ್ತು ನಿಂತೆ. ಹಿಂದೆ ಇಂಗಿದ ಯೂರಿಯಾ ಇನ್ನೂ ಎಷ್ಟೋ ವರ್ಷ ಮಣ್ಣಿನಡಿ ಸದ್ದಿಲ್ಲದೆ ಕೆಳಗಿಳಿಯುತ್ತಿರುತ್ತದೆ. ಕಾಲಡಿಯ ನೆಲ ಒಣಗಿತ್ತು. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.